114 ಕಿಲೋ, ಒಂದು ಗಾಳಿ ಫೋರ್ಕ್

ಪ್ರಶ್ನೆ:

ನಾನು ಬೀದರ್ ಜಿಲ್ಲೆಯವನು. ಹೈದರಾಬಾದಿಗೆ ಬಂದು ಬಹಳ ವರ್ಷವಾಯಿತು, ಮನೆ, ಆಫೀಸು ಎರಡೂ ಬೇಗಂಪೇಟೆಯಲ್ಲೇ. ವಯಸ್ಸು 43, ತೂಕ 114 ಕಿಲೋ. ಮಂಡಿಗೆ ಭಾರ ಬೀಳದಂಥ ವ್ಯಾಯಾಮ ಮಾಡಿ ಎಂದು ಡಾಕ್ಟರು ಹೇಳಿದ ಮೇಲೆ ಸೆಕೆಂಡ್ ಹ್ಯಾಂಡಿನಲ್ಲಿ ಒಂದು ಮೌಂಟೇನ್ ಬೈಕ್ ಕೊಂಡೆ. ಮುಂದೆ ಗಾಳಿ ತುಂಬುವ ಫೋರ್ಕ್, 120 ಮಿ.ಮೀ. ಆಡುವಂಥದ್ದು. ಹಿಂದೆ ಸಸ್ಪೆನ್ಷನ್ ಇಲ್ಲ. ಬೆಳಿಗ್ಗೆ ನೆಕ್ಲೆಸ್ ರಸ್ತೆಯಲ್ಲಿ ಒಂದು ಸುತ್ತು, ರಜೆಯ ದಿನ ಗೆಳೆಯರ ಜೊತೆ ವಿಕಾರಾಬಾದಿನ ಅನಂತಗಿರಿ ಗುಡ್ಡ.

ತೊಂದರೆ ಏನೆಂದರೆ, ಬ್ರೇಕ್ ಹಿಡಿದರೆ ಸೈಕಲ್ಲಿನ ಮುಂಭಾಗ ಮುಗ್ಗರಿಸಿದ ಹಾಗೆ ಕೆಳಗೆ ಹೋಗುತ್ತಿತ್ತು. ಫುಟ್‌ಪಾತಿನಿಂದ ಇಳಿಸಿದರೆ ಫೋರ್ಕ್ ತಳಕ್ಕೆ ಬಡಿದು ಟಕ್ ಅನ್ನುತ್ತಿತ್ತು. ಅಂಗಡಿಗೆ ಒಯ್ದೆ. ಅಲ್ಲಿನ ಹುಡುಗ ನನ್ನನ್ನು ಮೇಲಿಂದ ಕೆಳಗೆ ನೋಡಿ, ಗಾಳಿ ಬಿಗಿಯಾಗಿ ಹೊಡೆದು ಕೊಟ್ಟ. ಈಗ ತಳ ಬಡಿಯುವುದಿಲ್ಲ. ಆದರೆ ಕಲ್ಲಿನ ಮೇಲೆ ಹೋದರೆ ಹ್ಯಾಂಡಲ್ ಕೈಗೆ ಒದೆಯುತ್ತದೆ, ಸಂಜೆಗೆ ಮಣಿಕಟ್ಟು ನೋಯುತ್ತದೆ. ಫೋರ್ಕಿನ ಕಾಲಿಗೆ ಅಂಟಿಸಿರುವ ಪಟ್ಟಿಯಲ್ಲಿ ಸವಾರನ ತೂಕ 99 ಕಿಲೋಗೇ ನಿಂತುಬಿಡುತ್ತದೆ, ಆಮೇಲೆ "ಅದಕ್ಕೂ ಹೆಚ್ಚು" ಅಂತ ಒಂದೇ ಸಾಲು. "ಸಾರ್, ಮೊದಲು ನೀವು ತೂಕ ಇಳಿಸಿ, ಆಮೇಲೆ ಇದೆಲ್ಲ" ಎಂದ ಅಂಗಡಿಯವ. ಗೆಳೆಯನೊಬ್ಬ ಗಾಳಿಯದನ್ನು ಕಿತ್ತು ಸ್ಟೀಲ್ ಸ್ಪ್ರಿಂಗಿನದು ಹಾಕಿಸು ಅನ್ನುತ್ತಾನೆ. ಆಫೀಸಿನಲ್ಲಿ ಒಬ್ಬರು ಅಮೆರಿಕಕ್ಕೆ ಹೊರಟಿದ್ದಾರೆ, ಹಿಂದೆ ಮುಂದೆ ಎರಡೂ ಕಡೆ ಗಾಳಿ ಶಾಕ್ ಇರುವ ತಮ್ಮ ಸೈಕಲ್ಲನ್ನು ಕಮ್ಮಿ ಬೆಲೆಗೆ ಕೊಡುತ್ತೇನೆ ಅಂದಿದ್ದಾರೆ. ಅದನ್ನು ಕೊಳ್ಳಲೇ, ಇದನ್ನೇ ಸರಿಮಾಡಿಸಲೇ, ಅಥವಾ ಹತ್ತಿಪ್ಪತ್ತು ಕಿಲೋ ಇಳಿಯುವ ತನಕ ಸೈಕಲ್ಲನ್ನು ಬಾಲ್ಕನಿಯಲ್ಲಿ ನಿಲ್ಲಿಸಿಬಿಡಲೇ? ಮನೆಯವಳು ನಗುತ್ತಾಳೆ. ನನಗೆ ನಿಜಕ್ಕೂ ಬೇಜಾರಾಗಿದೆ.

— ಹೆಸರು ಬೇಡ, ಬೇಗಂಪೇಟೆ, ಹೈದರಾಬಾದ್

ಉತ್ತರ:

ಬಾಲ್ಕನಿಯಲ್ಲಿ ನಿಲ್ಲಿಸಬೇಡಿ. ತೂಕ ಇಳಿಸಲೆಂದು ಕೊಂಡ ಸೈಕಲ್ಲನ್ನು ತೂಕ ಇಳಿದ ಮೇಲೆ ಹತ್ತುತ್ತೇನೆ ಅನ್ನುವುದು, ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಅನ್ನುವ ನಮ್ಮ ಗಾದೆಯ ಲೆಕ್ಕವೇ. ಅಂಗಡಿಯ ಹುಡುಗನ ಮಾತನ್ನು ಅಲ್ಲೇ ಬಿಟ್ಟುಬನ್ನಿ. ಅವನು ಮಾಡಿದ ಕೆಲಸ ಮಾತ್ರ ಅರ್ಧ ಸರಿಯಿದೆ. ಉಳಿದರ್ಧ ಮಾಡದೇ ಇದ್ದದ್ದರಿಂದ ನಿಮ್ಮ ಮಣಿಕಟ್ಟು ನೋಯುತ್ತಿದೆ.

ಗಾಳಿ ಇಷ್ಟು ಭಾರ ಹೊರುತ್ತದೆಯೇ ಅನ್ನುವ ಅನುಮಾನ ಮೊದಲು ಹೋಗಲಿ. ನಿಮ್ಮ ಮನೆಯ ಹತ್ತಿರದ ಹಳೆಯ ವಿಮಾನ ನಿಲ್ದಾಣವನ್ನೇ ತೆಗೆದುಕೊಳ್ಳಿ. 2008ರ ಮಾರ್ಚಿನಲ್ಲಿ ಶಂಷಾಬಾದಿಗೆ ಹೋಗುವ ತನಕ ಬೇಗಂಪೇಟೆಯಲ್ಲಿ ದಿನವೂ ಪ್ರಯಾಣಿಕರ ವಿಮಾನಗಳು ಇಳಿಯುತ್ತಿದ್ದವು. ಈಗಲೂ ವಿಂಗ್ಸ್ ಇಂಡಿಯಾ ಪ್ರದರ್ಶನ ನಡೆದಾಗ ಅಲ್ಲಿ ದೊಡ್ಡ ವಿಮಾನಗಳನ್ನು ಹತ್ತಿರದಿಂದ ನೋಡಬಹುದು. ಐವತ್ತು ಅರವತ್ತು ಟನ್ ತೂಕದ ಆ ವಿಮಾನಗಳ ಕಾಲುಗಳಲ್ಲಿ ಇರುವುದು ಸ್ಟೀಲ್ ಸ್ಪ್ರಿಂಗ್ ಅಲ್ಲ. ಒತ್ತಿ ತುಂಬಿದ ಸಾರಜನಕ ಮತ್ತು ಎಣ್ಣೆ. ಭಾರ ಹೊರುವುದು ಅನಿಲ, ಪುಟಿಯದಂತೆ ತಡೆಯುವುದು ಎಣ್ಣೆ. ನಿಮ್ಮ ಫೋರ್ಕಿನೊಳಗೆ ಇರುವುದೂ ಈ ಇಬ್ಬರೇ. ಸಾಮಾನ್ಯವಾಗಿ ಎಡಗಾಲಿನಲ್ಲಿ ಗಾಳಿಯ ಕೋಣೆ, ಬಲಗಾಲಿನಲ್ಲಿ ಎಣ್ಣೆ.

ನಿಮ್ಮ ಕಷ್ಟದ ಬೇರು ಈ ಎರಡು ಕಾಲುಗಳ ನಡುವೆ ಇದೆ. ಗಾಳಿ ಸವಾರನ ತೂಕಕ್ಕೆ ಹೊಂದಿಕೊಳ್ಳುತ್ತದೆ: ಒತ್ತಡ ಏರಿಸಿದಷ್ಟೂ ಗಟ್ಟಿ, ಇಳಿಸಿದಷ್ಟೂ ಮೆತ್ತಗೆ. 70 ಕಿಲೋದವನ ಕೆಳಗೆ ಎಷ್ಟು ಕುಸಿಯುತ್ತದೋ ಅಷ್ಟೇ ನಿಮ್ಮ ಕೆಳಗೂ ಕುಸಿಯುವಂತೆ ಮಾಡಲು ಒಂದು ಪಂಪ್ ಸಾಕು. ಎಣ್ಣೆಯ ಕಡೆ ಹಾಗಲ್ಲ. ಸಣ್ಣ ತೂತುಗಳಲ್ಲಿ ಎಣ್ಣೆ ಎಷ್ಟು ಸಲೀಸಾಗಿ ಹರಿಯಬೇಕು ಎಂಬುದನ್ನು ಕಾರ್ಖಾನೆಯವರು ಒಬ್ಬ ಸಾಧಾರಣ ಮೈಕಟ್ಟಿನ ಸವಾರನನ್ನು ಮನಸ್ಸಿನಲ್ಲಿಟ್ಟುಕೊಂಡು ನಿಗದಿ ಮಾಡಿರುತ್ತಾರೆ. 2022ರಲ್ಲಿ ಗದಗದ ಬಿಂಕದಕಟ್ಟಿಯಲ್ಲಿ ರಾಷ್ಟ್ರೀಯ ಮೌಂಟೇನ್ ಬೈಕ್ ಚಾಂಪಿಯನ್‌ಷಿಪ್ ನಡೆಯಿತಲ್ಲ, ಅಂಥ ಓಟಗಳಿಗೆ ಬರುವ ಹುಡುಗ ಹುಡುಗಿಯರನ್ನು ನೋಡಿದರೆ ಆ ಸಾಧಾರಣ ಅನ್ನುವುದು ನಮ್ಮಿಂದ ಎಷ್ಟು ದೂರ ಎಂದು ಗೊತ್ತಾಗುತ್ತದೆ! ನಿಮಗಾಗಿ ಗಾಳಿಯನ್ನು ಬಿಗಿಗೊಳಿಸಿದಾಗ ಅದು ಹೆಚ್ಚು ಜೋರಿನಿಂದ ವಾಪಸ್ ಪುಟಿಯುತ್ತದೆ. ಎಣ್ಣೆ ಮಾತ್ರ ಹಗುರ ಸವಾರನ ಲೆಕ್ಕದಲ್ಲೇ ಉಳಿದಿರುತ್ತದೆ. ಕೈಗೆ ಒದೆಯುವುದು ಆ ಪುಟಿತ. ಹುಡುಗ ಎಡಗಾಲನ್ನು ಸರಿಮಾಡಿ ಬಲಗಾಲನ್ನು ಮುಟ್ಟದೆ ಕಳಿಸಿದ.

ಸರಿಪಡಿಸುವ ಮೊದಲು ಎರಡು ಪೂರ್ವಭಾವಿ ಕೆಲಸ. ಸೆಕೆಂಡ್ ಹ್ಯಾಂಡ್ ಫೋರ್ಕ್ ಅಂದಿರಿ, ಹಿಂದಿನವರು ಅದನ್ನು ಬಿಚ್ಚಿಸಿ ಶುಚಿ ಮಾಡಿಸಿದ್ದರೋ ಇಲ್ಲವೋ. ಕೆಳಗಿನ ಕಾಲುಗಳನ್ನು ಕಳಚಿ, ಹಳೆ ಎಣ್ಣೆ ಚೆಲ್ಲಿ, ಸ್ಪಂಜಿನ ರಿಂಗುಗಳನ್ನು ತೊಳೆದು ಹೊಸ ಎಣ್ಣೆ ಹಾಕುವ ಸರ್ವಿಸನ್ನು ಫೋರ್ಕ್ ತಯಾರಿಸುವ ರಾಕ್‌ಶಾಕ್ಸ್ ಕಂಪನಿಯವರು 50 ಗಂಟೆ ಸವಾರಿಗೊಮ್ಮೆ ಮಾಡಿಸಿ ಅನ್ನುತ್ತಾರೆ. ನಮ್ಮಲ್ಲಿ ಐನೂರು ಗಂಟೆಯಾದರೂ ಯಾರೂ ಮಾಡಿಸುವುದಿಲ್ಲ. ಒಣಗಿದ ಫೋರ್ಕಿಗೆ ಎಷ್ಟು ಸರಿಯಾದ ಗಾಳಿ ಹಾಕಿದರೂ ಅದು ಸಣ್ಣ ಕಲ್ಲಿಗೆ ಅಲುಗುವುದಿಲ್ಲ, ದೊಡ್ಡ ಪೆಟ್ಟಿಗೆ ಮಾತ್ರ ಒಮ್ಮೆಲೇ ಕುಸಿಯುತ್ತದೆ. ಅದನ್ನು ಮೊದಲು ಮಾಡಿಸಿ. ಹಾಗೆ ನೋಡಿದರೆ ಈ ವಿಚಾರದಲ್ಲಿ ನಿಮಗೊಂದು ಅನುಕೂಲವೂ ಇದೆ: ಸೀಲುಗಳ ಹಿಡಿತ ಎಲ್ಲ ಸವಾರರಿಗೂ ಒಂದೇ, ಅದನ್ನು ಮೀರಿ ಫೋರ್ಕನ್ನು ಅಲುಗಿಸಲು 50 ಕಿಲೋದವರು ಒದ್ದಾಡುತ್ತಾರೆ, ನೀವು ಒದ್ದಾಡಬೇಕಿಲ್ಲ. ಚೆನ್ನಾಗಿ ಹೊಂದಿಸಿದ ಗಾಳಿ ಫೋರ್ಕ್ ಭಾರದ ಸವಾರನ ಕೆಳಗೆ ಹಗುರ ಸವಾರನ ಕೆಳಗಿರುವುದಕ್ಕಿಂತ ನಯವಾಗಿ ಕೆಲಸ ಮಾಡುವುದುಂಟು.

ಎರಡನೆಯದು ಟೈರ್. ರಸ್ತೆಯ ಪೆಟ್ಟು ಫೋರ್ಕಿಗೆ ತಲುಪುವ ಮೊದಲು ಟೈರಿಗೆ ತಲುಪುತ್ತದೆ. ಟೈರು ಕಲ್ಲಿನ ಹಾಗಿದ್ದರೆ ಕೈನೋವಿಗೆ ಫೋರ್ಕನ್ನು ಬೈದು ಪ್ರಯೋಜನವಿಲ್ಲ. ಟೈರು ತೀರಾ ಮೆತ್ತಗಿದ್ದರೆ ರಿಮ್ಮು ಕಲ್ಲಿಗೆ ಬಡಿದು ಡೊಂಕಾಗುತ್ತದೆ. ಎರಡೂಕಾಲು ಇಂಚಿನ, ಟ್ಯೂಬ್ ಇರುವ ಟೈರಾದರೆ ಮುಂದೆ 30, ಹಿಂದೆ 34 ಪಿಎಸ್‌ಐ ಆಸುಪಾಸಿನಿಂದ ಶುರುಮಾಡಿ, ರಿಮ್ಮು ನೆಲ ಮುಟ್ಟಿದಂತೆ ಅನಿಸಿದರೆ ಒಂದೆರಡು ಏರಿಸಿ. ಟೈರಿನ ಬದಿಯಲ್ಲಿ ಬರೆದ ಮಿತಿ ಮೀರಬಾರದು. ಟೈರು ಒಂದು ಸ್ಥಿತಿಗೆ ಬಂದ ಮೇಲೆ ಅದನ್ನು ಮುಟ್ಟದೆ ಫೋರ್ಕಿಗೆ ಕೈಹಾಕಿ. ಎರಡನ್ನೂ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

ಇನ್ನು ಪಂಪ್. ಫೋರ್ಕಿಗೆ ಶಾಕ್ ಪಂಪ್ ಎಂಬ ಬೇರೆಯದೇ ಸಣ್ಣ ಪಂಪ್ ಬೇಕು. ಒಂದೊಂದು ಒತ್ತಿಗೆ ಸ್ವಲ್ಪವೇ ಗಾಳಿ, ಆದರೆ 300 ಪಿಎಸ್‌ಐವರೆಗೂ ಏರುತ್ತದೆ, ಜೊತೆಗೆ ಗಡಿಯಾರದಂಥ ಮಾಪಕವಿರುತ್ತದೆ. ಇದನ್ನು ನೀವೇ ಕೊಂಡಿಟ್ಟುಕೊಳ್ಳಿ, ಪ್ರತಿ ಸಲ ಅಂಗಡಿಗೆ ಓಡುವುದು ತಪ್ಪುತ್ತದೆ, ಮೇಲಿಂದ ಕೆಳಗೆ ನೋಡುವವರ ಕಾಟವೂ ತಪ್ಪುತ್ತದೆ. ಪೆಟ್ರೋಲ್ ಬಂಕಿಗೆ ಮಾತ್ರ ಹೋಗಬೇಡಿ. ಫೋರ್ಕಿನ ವಾಲ್ವು ಮೋಟಾರ್ ಸೈಕಲ್ಲಿನ ವಾಲ್ವಿನಂತೆಯೇ ಇರುವುದರಿಂದ ಬಂಕಿನ ಪೈಪು ಸಲೀಸಾಗಿ ಕೂರುತ್ತದೆ, ಅಪಾಯ ಇರುವುದು ಅಲ್ಲೇ. ಫೋರ್ಕಿನೊಳಗಿನ ಗಾಳಿಕೋಣೆ ಒಂದು ಲೋಟದಷ್ಟು ದೊಡ್ಡದೂ ಇರಲಾರದು. ಬಂಕಿನ ಕಂಪ್ರೆಸರು ಕಣ್ಣು ಮಿಟುಕಿಸುವುದರೊಳಗೆ ಎಷ್ಟು ತುಂಬಿತು ಎಂದು ಯಾರಿಗೂ ಹೇಳಲಾಗುವುದಿಲ್ಲ.

ಈಗ ಅಳತೆ. ಪಟ್ಟಿಯ ಕೊನೆಯ ಸಾಲು ನಿಮಗೆ ಬೇಸರ ತಂದಿದೆ. ಹಲವು ಫೋರ್ಕುಗಳಲ್ಲಿ ಆ ಪಟ್ಟಿ 63 ಕಿಲೋ ಒಳಗಿನವರಿಂದ ಶುರುವಾಗಿ, ಒಂಬತ್ತೊಂಬತ್ತು ಕಿಲೋ ಹೆಜ್ಜೆಯಲ್ಲಿ ಏರಿ 99ಕ್ಕೆ ಮುಗಿಯುತ್ತದೆ. 99 ಎಂಬುದು 220 ಪೌಂಡು, ಅಮೆರಿಕದವರು ಪೌಂಡಿನಲ್ಲಿ ದುಂಡಗೆ ಮಾಡಿಕೊಂಡ ಲೆಕ್ಕ, ಅದರಾಚೆ ಸವಾರಿ ನಿಷಿದ್ಧ ಎಂದು ಅರ್ಥವಲ್ಲ. ಆ ಪಟ್ಟಿಯ ಹತ್ತಿರವೇ ಇನ್ನೊಂದು ಸಂಖ್ಯೆ ಇರುತ್ತದೆ, ಗರಿಷ್ಠ ಒತ್ತಡ. ನಿಮಗೆ ನಿಜವಾದ ಗೆರೆ ಅದು. ಅದನ್ನು ಯಾವ ಕಾರಣಕ್ಕೂ ದಾಟಬೇಡಿ. ಪಟ್ಟಿಯ ಕೊನೆಯ ಸಾಲಿನ ಸಂಖ್ಯೆಗೂ ಈ ಗರಿಷ್ಠಕ್ಕೂ ನಡುವೆ ಎಲ್ಲೋ ನಿಮ್ಮ ಜಾಗವಿದೆ, ಅದನ್ನು ಹುಡುಕುವುದು ಪಟ್ಟಿಯಿಂದಲ್ಲ, ಫೋರ್ಕು ನಿಮ್ಮ ಭಾರಕ್ಕೆ ಎಷ್ಟು ಕುಸಿಯುತ್ತದೆ ಎಂಬುದರಿಂದ. ಸೈಕಲ್ ಮಂದಿ ಇದನ್ನು ಸ್ಯಾಗ್ ಅನ್ನುತ್ತಾರೆ.

ನಿಮ್ಮ 120 ಮಿ.ಮೀ. ಫೋರ್ಕಿಗೆ ಶೇ 20 ಅಂದರೆ 24 ಮಿ.ಮೀ. ಸ್ಯಾಗ್ ಇಟ್ಟುಕೊಂಡು ಶುರುಮಾಡಿ. ಅಳೆಯುವಾಗ ಬರಿಮೈಯಲ್ಲಿ ನಿಲ್ಲಬೇಡಿ. ಹೆಲ್ಮೆಟ್, ಶೂ, ನೀರು ತುಂಬಿದ ಬ್ಯಾಗ್ ಎಲ್ಲ ಹಾಕಿಕೊಂಡರೆ ನಿಮ್ಮ 114 ಹತ್ತಿರಹತ್ತಿರ 119 ಆಗಿರುತ್ತದೆ, ಗುಡ್ಡದಲ್ಲಿ ಫೋರ್ಕು ಹೊರುವುದು ಅದನ್ನೇ. ಫೋರ್ಕು ಅಲುಗದಂತೆ ಬಿಗಿಯುವ ಲಾಕ್‌ಔಟ್ ಪೂರ್ತಿ ತೆರೆದಿರಲಿ. ಫೋರ್ಕಿನ ಹೊಳೆಯುವ ಕೊಳವೆಯ ಮೇಲೆ ರಬ್ಬರಿನ ಓ-ರಿಂಗ್ ಇರುತ್ತದೆ, ಇಲ್ಲದಿದ್ದರೆ ಒಂದು ತೆಳು ಜಿಪ್ ಟೈ ಸಡಿಲವಾಗಿ ಕಟ್ಟಿ. ಮನೆಯವರನ್ನು ಕರೆದು, ನಗುವುದು ಮುಗಿದ ಮೇಲೆ, ಹಿಂದಿನ ಚಕ್ರವನ್ನು ಗಟ್ಟಿಯಾಗಿ ಹಿಡಿಯಲು ಹೇಳಿ. ನೀವು ಗೋಡೆಗೆ ಒಂದು ಮೊಣಕೈ ತಾಗಿಸಿಕೊಂಡು ಹತ್ತಿ, ಸೀಟಿನಲ್ಲಿ ಕೂರದೆ ಎರಡೂ ಪೆಡಲುಗಳ ಮೇಲೆ ಸಮವಾಗಿ ನಿಂತು, ಇಳಿಜಾರಿನಲ್ಲಿ ನಿಲ್ಲುವಂತೆ ಮೊಣಕೈ ಮಡಿಸಿ ಸ್ವಲ್ಪ ಮುಂದೆ ಬಾಗಿ. ಒಂದೆರಡು ಸಲ ಮೆಲ್ಲಗೆ ಕುಣಿದು ಸುಮ್ಮನಾಗಿ. ಅವರು ಓ-ರಿಂಗನ್ನು ಸೀಲಿನ ತನಕ ತಳ್ಳಲಿ. ನೀವು ಬ್ರೇಕ್ ಹಿಡಿಯದೆ, ಜಿಗಿಯದೆ ಹಗುರವಾಗಿ ಕೆಳಗಿಳಿಯಿರಿ. ಈಗ ಸೀಲಿನಿಂದ ರಿಂಗಿನವರೆಗಿನ ದೂರವನ್ನು ಸ್ಕೇಲಿನಲ್ಲಿ ಅಳೆಯಿರಿ. 24ಕ್ಕಿಂತ ಜಾಸ್ತಿ ಬಂದರೆ ಗಾಳಿ ಏರಿಸಿ, ಕಡಿಮೆಯಾದರೆ ಇಳಿಸಿ, ಪ್ರತಿ ಸಲ ಐದೈದು ಪಿಎಸ್‌ಐ. ಈಗ ನಿಮ್ಮ ಫೋರ್ಕು ಬಹುಶಃ 10, 12 ಮಿ.ಮೀ. ಮಾತ್ರ ಕುಸಿಯುತ್ತಿರಬೇಕು, ಹುಡುಗ ಅಷ್ಟು ಬಿಗಿ ಮಾಡಿದ್ದಾನೆ ಎಂದು ನನ್ನ ಊಹೆ.

ಪಂಪಿನ ಮಾಪಕ ಕೆಲವರನ್ನು ಹುಚ್ಚು ಹಿಡಿಸುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಪಂಪ್ ಬಿಚ್ಚುವಾಗ ಬುಸ್ ಅನ್ನುವುದು ಪೈಪಿನಲ್ಲಿ ಉಳಿದ ಗಾಳಿ, ಫೋರ್ಕಿನದಲ್ಲ. ಮತ್ತೆ ಜೋಡಿಸಿದರೆ ಮಾಪಕ ಮೊದಲಿಗಿಂತ ಕಡಿಮೆ ತೋರಿಸುತ್ತದೆ, ಏಕೆಂದರೆ ಖಾಲಿ ಪೈಪು ತುಂಬಲು ಫೋರ್ಕಿನಿಂದಲೇ ಗಾಳಿ ಹೋಗಿರುತ್ತದೆ. ಇದನ್ನು ಸೋರಿಕೆ ಎಂದುಕೊಂಡು ಮತ್ತೆಮತ್ತೆ ತುಂಬುವವರಿದ್ದಾರೆ. ಇನ್ನೊಂದು: ಈಗಿನ ಬಹುತೇಕ ಫೋರ್ಕುಗಳಲ್ಲಿ ಪಿಸ್ಟನ್ನಿನ ಕೆಳಗೂ ಒಂದು ಸಣ್ಣ ಗಾಳಿಕೋಣೆ ಇದೆ, ಮೇಲಿನಿಂದ ತುಂಬಿದ ಗಾಳಿ ಅಲ್ಲಿಗೂ ಹಂಚಿಹೋಗಬೇಕು. ಅದಕ್ಕಾಗಿ 50 ಪಿಎಸ್‌ಐ ಏರಿದಾಗಲೊಮ್ಮೆ ಪಂಪ್ ನಿಲ್ಲಿಸಿ, ಫೋರ್ಕನ್ನು ಹತ್ತು ಸಲ ನಿಧಾನವಾಗಿ ಒತ್ತಿಬಿಡಿ. ಹಂಚಿಕೆಯಾದಾಗ ಮಾಪಕದ ಮುಳ್ಳು ತಾನೇ ಇಳಿಯುತ್ತದೆ, ಆಗ ಉಳಿದದ್ದನ್ನು ತುಂಬಿ. ಹೀಗೆ ಮಾಡದಿದ್ದರೆ ನಿಮ್ಮ ಅಳತೆ ಒಂದು, ಗುಡ್ಡದ ಮೇಲಿನ ಫೋರ್ಕು ಇನ್ನೊಂದು.

ಹೈದರಾಬಾದಿನ ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಿರಿ. ಬೆಳಗಿನ 27 ಡಿಗ್ರಿಯಲ್ಲಿ 120 ಪಿಎಸ್‌ಐ ತುಂಬಿದ ಫೋರ್ಕು ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿಗೆ ಬಂದರೆ ಒಳಗಿನ ಒತ್ತಡ ಆರೇಳು ಪಿಎಸ್‌ಐ ಏರಿರುತ್ತದೆ. ಕಾರಿನ ಡಿಕ್ಕಿಯಲ್ಲಿ ಸೈಕಲ್ ಹಾಕಿಕೊಂಡು ವಿಕಾರಾಬಾದಿಗೆ ಹೋಗುವವರು ಗುಡ್ಡದ ಬುಡದಲ್ಲಿ ಒಮ್ಮೆ ಸ್ಯಾಗ್ ನೋಡಿಕೊಳ್ಳುವುದು ಒಳ್ಳೆಯದು. ಗರಿಷ್ಠ ಒತ್ತಡದ ತುದಿಯಲ್ಲೇ ತುಂಬಿಟ್ಟವರಿಗೆ ಇದು ಇನ್ನೂ ಮುಖ್ಯ.

ಸ್ಯಾಗ್ ಸರಿಹೋಯಿತು. ಅಂಗಡಿಯಲ್ಲಿ ಬಿಟ್ಟುಹೋದ ಬಲಗಾಲಿಗೆ ಈಗ ಬನ್ನಿ. ಅದರ ತಳದಲ್ಲಿ ಒಂದು ಸಣ್ಣ ತಿರುಪು ಇರುತ್ತದೆ, ಹೆಚ್ಚಾಗಿ ಕೆಂಪು ಬಣ್ಣದ್ದು. ಕೆಲವದರ ಮೇಲೆ ಒಂದು ಕಡೆ ಆಮೆ, ಇನ್ನೊಂದು ಕಡೆ ಮೊಲದ ಚಿತ್ರ. ಇದು ರೀಬೌಂಡ್, ಕುಸಿದ ಫೋರ್ಕು ಎಷ್ಟು ಬೇಗ ಮೇಲೆ ಬರಬೇಕು ಎಂಬುದರ ಲಗಾಮು. ಎಣ್ಣೆಯ ದಾರಿಯನ್ನು ಕಿರಿದು ಮಾಡುವುದು ಆಮೆಯ ಕಡೆ. ಭಾರದ ಸವಾರನ ಜಾಗ ಆಮೆಯ ಕಡೆಗೇ ಹತ್ತಿರ, ಏಕೆಂದರೆ ಹೆಚ್ಚು ಒತ್ತಡದ ಗಾಳಿಯನ್ನು ಹಿಡಿಯಬೇಕಾದದ್ದು ಅದೇ ಎಣ್ಣೆ. ಆಮೆಯ ಕಡೆಗೆ ಪೂರ್ತಿ ತಿರುಗಿಸಿ, ಅಲ್ಲಿಂದ ಮೂರು ನಾಲ್ಕು ಕ್ಲಿಕ್ ಬಿಚ್ಚಿ. ಕ್ಲಿಕ್ಕುಗಳನ್ನು ಯಾವಾಗಲೂ ಪೂರ್ತಿ ಮುಚ್ಚಿದ ತುದಿಯಿಂದಲೇ ಎಣಿಸಿ, ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ.

ಪರೀಕ್ಷೆ ಹೀಗೆ. ಸೈಕಲ್ಲಿನ ಪಕ್ಕ ನಿಂತು ಹ್ಯಾಂಡಲನ್ನು ಎರಡೂ ಕೈಯಿಂದ ಜೋರಾಗಿ ಕೆಳಗೆ ಒತ್ತಿ ಒಮ್ಮೆಲೇ ಬಿಡಿ. ಮುಂದಿನ ಚಕ್ರ ನೆಲ ಬಿಟ್ಟು ಹಾರಿದರೆ ಇನ್ನೂ ಆಮೆಯ ಕಡೆ ಹೋಗಬೇಕು. ಆಮೇಲೆ ನೀವು ಬೈಯುತ್ತಿದ್ದ ಅದೇ ಫುಟ್‌ಪಾತಿನಿಂದ ಸೀಟಿನಲ್ಲಿ ಕೂತು ನಿಧಾನವಾಗಿ ಇಳಿಸಿ. ಫೋರ್ಕು ಕುಸಿದು, ಒಮ್ಮೆ ಮೇಲೆ ಬಂದು, ತೂಗಾಡದೆ ನಿಲ್ಲಬೇಕು. ಎರಡು ಮೂರು ಸಲ ತೂಗಾಡಿದರೆ ಅದು ಇನ್ನೂ ಬೇಗವಾಗಿದೆ. ಆದರೆ ನಿಧಾನವೇ ಒಳ್ಳೆಯದೆಂದು ಪೂರ್ತಿ ಆಮೆ ಮಾಡಿಬಿಡಬೇಡಿ. ಅನಂತಗಿರಿಯ ನೆಲ ನಿಮಗೆ ಬೀದರಿನಿಂದಲೇ ಪರಿಚಯ, ಬೀದರ್ ಕೋಟೆ ಕಟ್ಟಿದ ಕೆಂಪು ಜಂಬಿಟ್ಟಿಗೆಯ ಬಂಧುವೇ ಅದು. ಮಣ್ಣು ಸವೆದು ಮೇಲೆದ್ದ ಗಟ್ಟಿ ಗಂಟುಗಳ ಮೇಲೆ, ಅವುಗಳ ನಡುವೆ ಉದುರಿದ ಗರಸಿನ ಮೇಲೆ ಪೆಟ್ಟುಗಳು ಒಂದರ ಹಿಂದೆ ಒಂದು ಬರುತ್ತವೆ. ಮೊದಲ ಪೆಟ್ಟಿಗೆ ಕುಸಿದ ಫೋರ್ಕು ಮೇಲೆ ಬರುವುದರೊಳಗೆ ಎರಡನೆಯದು, ಅದರ ಹಿಂದೆ ಮೂರನೆಯದು. ಫೋರ್ಕು ಕೆಳಗೇ ಸಿಕ್ಕಿಹಾಕಿಕೊಂಡು ಕೊನೆಗೆ ಕಬ್ಬಿಣದ ಕಂಬಿಯಂತಾಗುತ್ತದೆ, ಆಗಲೂ ನೋಯುವುದು ಅದೇ ಮಣಿಕಟ್ಟೇ. ಹೊರಗಿನಿಂದ ಎರಡೂ ಒಂದೇ ಥರ ಅನಿಸುವುದರಿಂದ ಜನ ತಪ್ಪು ಕಡೆಗೆ ತಿರುಗಿಸುತ್ತಾರೆ. ಇಳಿಜಾರು ಶುರುವಾದಾಗ ಚೆನ್ನಾಗಿದ್ದು ಹೋಗುತ್ತಾ ಹೋಗುತ್ತಾ ಗಡುಸಾದರೆ ನಿಧಾನ ಹೆಚ್ಚಾಗಿದೆ, ಮೊದಲ ಕಲ್ಲಿನಿಂದಲೇ ಒದೆಯುತ್ತಿದ್ದರೆ ವೇಗ ಹೆಚ್ಚಾಗಿದೆ.

ಪೂರ್ತಿ ಆಮೆ ಮಾಡಿದರೂ ಚಕ್ರ ಹಾರುತ್ತಿದೆಯೆಂದರೆ? ಆಗ ತಪ್ಪು ನಿಮ್ಮದೂ ಅಲ್ಲ, ಗಾಳಿಯದೂ ಅಲ್ಲ. ಆ ಎಣ್ಣೆಯ ವ್ಯವಸ್ಥೆ ನಿಮ್ಮ ತೂಕದ ತನಕ ಬರುವುದಿಲ್ಲ, ಅಷ್ಟೇ. ಕಡಿಮೆ ಬೆಲೆಯ ಫೋರ್ಕುಗಳಲ್ಲಿ ಇದು ಸಾಮಾನ್ಯ. ಸಸ್ಪೆನ್ಷನ್ ಬಿಚ್ಚಿ ಕಟ್ಟುವ ಮೆಕ್ಯಾನಿಕ್ ಸಿಕ್ಕರೆ ದಪ್ಪ ಎಣ್ಣೆ ಹಾಕಿಕೊಡುತ್ತಾರೆ. ಕೆಲವು ಫೋರ್ಕುಗಳ ಬಲಗಾಲಿನ ಒಳಭಾಗವನ್ನೇ ಬದಲಿಸಲೂ ಬರುತ್ತದೆ. ಹೊಸ ಫೋರ್ಕಿಗೆ ಹಣ ಸುರಿಯುವ ಮೊದಲು ಇದನ್ನು ಕೇಳಿ.

ಬ್ರೇಕ್ ಹಿಡಿದಾಗ ಮುಗ್ಗರಿಸುವುದು ಸ್ಯಾಗ್ ಸರಿಯಾದಾಗಲೇ ಬಹುಮಟ್ಟಿಗೆ ಹೋಗುತ್ತದೆ. ಉಳಿದದ್ದಕ್ಕೆ ಬಲಗಾಲಿನ ಮೇಲ್ಭಾಗದ ತಿರುಪು, ಅನೇಕ ಕಡೆ ನೀಲಿ, ಒಂದೆರಡು ಕ್ಲಿಕ್ ಮುಚ್ಚಿ. ಪೂರ್ತಿ ಲಾಕ್ ಮಾಡಿಕೊಂಡು ಕಲ್ಲಿಗೆ ಇಳಿಯಬೇಡಿ.

ಇಷ್ಟೆಲ್ಲ ಆದಮೇಲೂ, ಸ್ಯಾಗ್ ಸರಿಯಿದ್ದೂ ದೊಡ್ಡ ಇಳಿತದಲ್ಲಿ ತಳ ಬಡಿಯುತ್ತಿದ್ದರೆ ಟೋಕನ್ ಹಾಕಿಸುವ ಮಾತು. ಪ್ಲಾಸ್ಟಿಕ್ಕಿನ ಸಣ್ಣ ಬಿಲ್ಲೆಗಳು, ಗಾಳಿಕೋಣೆಯ ಮೇಲಿನ ಮುಚ್ಚಳಕ್ಕೆ ಒಳಗಿನಿಂದ ಸಿಕ್ಕಿಸುವಂಥವು. ಕೋಣೆ ಚಿಕ್ಕದಾದಷ್ಟೂ ಫೋರ್ಕು ಕೊನೆಗೆ ಬರುವಾಗ ಗಾಳಿ ಬಹಳ ಬೇಗ ಬಿಗಿಯಾಗುತ್ತದೆ, ಮೊದಲ ಅರ್ಧದ ಮೃದುತನಕ್ಕೆ ಅಷ್ಟೇನೂ ಏಟು ಬೀಳದೆ ತಳ ರಕ್ಷಣೆಯಾಗುತ್ತದೆ. ನಿಮ್ಮಂಥವರಿಗೆ ಇದು ಒಳ್ಳೆಯ ಉಪಾಯ, ತಳ ಬಡಿಯುತ್ತದೆಂದು ಒತ್ತಡ ಏರಿಸಿ ಏರಿಸಿ ಇಡೀ ಫೋರ್ಕನ್ನೇ ಮರದ ತುಂಡು ಮಾಡುವುದು ತಪ್ಪುತ್ತದೆ. ಒಂದೊಂದೇ ಹಾಕಿಸಿ ನೋಡಿ. ನಿಮ್ಮ ಅತಿ ಕಷ್ಟದ ದಾರಿ ಮುಗಿಸಿ ಬಂದಾಗ ಓ-ರಿಂಗು ಹೆಚ್ಚುಕಡಿಮೆ ಕೊನೆ ಮುಟ್ಟಿರಬೇಕು. ಮೂರು ಇಂಚು ಮಾತ್ರ ಸರಿದು ನಿಂತಿದ್ದರೆ ಟೋಕನ್ ಜಾಸ್ತಿಯಾಗಿದೆ. ಮುಚ್ಚಳ ಬಿಚ್ಚುವ ಮೊದಲು ಗಾಳಿಯನ್ನು ಪೂರ್ತಿ, ಮುಳ್ಳು ಸೊನ್ನೆಗೆ ಬರುವ ತನಕ ಬಿಡಲೇಬೇಕು. 120 ಪಿಎಸ್‌ಐ ತುಂಬಿರುವಾಗ ಬಿಚ್ಚಿದರೆ ಮುಚ್ಚಳ ಮುಖಕ್ಕೆ ಹಾರುತ್ತದೆ. ಮೊದಲ ಸಲ ಇದನ್ನು ಗೊತ್ತಿದ್ದವರ ಕೈಯಲ್ಲೇ ಮಾಡಿಸಿ.

ಸ್ಟೀಲ್ ಸ್ಪ್ರಿಂಗ್ ಹಾಕಿಸು ಎಂದ ಗೆಳೆಯರಿಗೆ ಕೆಟ್ಟ ಉದ್ದೇಶವಿಲ್ಲ, ಆದರೆ ಮಾತು ತಿರುಗುಮುರುಗು. ನಮ್ಮಲ್ಲಿ ಸುಲಭ ಬೆಲೆಗೆ ಸಿಗುವ ಸ್ಪ್ರಿಂಗ್ ಫೋರ್ಕುಗಳ ತಲೆಯ ಮೇಲಿನ ತಿರುಪು ಸ್ಪ್ರಿಂಗನ್ನು ಸ್ವಲ್ಪ ಮೊದಲೇ ಅದುಮಿಡುತ್ತದೆ, ಅದರ ಬಲವನ್ನು ಹೆಚ್ಚಿಸುವುದಿಲ್ಲ. ನಿಮ್ಮ ತೂಕಕ್ಕೆ ಬೇರೆಯದೇ ಗಟ್ಟಿ ಸ್ಪ್ರಿಂಗು ಬೇಕು, ಅದು ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಕೇಳಿದ ಕೂಡಲೇ ಸಿಗುವ ಸಾಮಾನಲ್ಲ. ಮುಂದೆ ನೀವು 100 ಕಿಲೋಗೆ ಇಳಿದರೆ ಇನ್ನೊಂದು ಸ್ಪ್ರಿಂಗು. ಗಾಳಿಯಾದರೆ ಸ್ವಲ್ಪ ಹೊರಗೆ ಬಿಟ್ಟರೆ ಸಾಕು. ಗಾಳಿ ನಾಜೂಕು ಅನ್ನುವುದೂ ಸರಿಯಲ್ಲ. ಪಾಲ್ ಟರ್ನರ್ 1989ರ ಹೊತ್ತಿಗೆ ಕಟ್ಟಿದ ರಾಕ್‌ಶಾಕ್ಸ್ ಕಂಪನಿಯ ಮೊದಲ ಫೋರ್ಕೇ ಗಾಳಿ ಮತ್ತು ಎಣ್ಣೆಯದು, ಎರಡು ಇಂಚು ಕೂಡ ಆಡುತ್ತಿರಲಿಲ್ಲ. ಆ ಕಂಪನಿಯ ಫೋರ್ಕಿನಲ್ಲೇ 1990ರಲ್ಲಿ ಕೊಲರಾಡೋದ ಡುರಾಂಗೊದಲ್ಲಿ ಗ್ರೆಗ್ ಹರ್ಬೋಲ್ಡ್ ಇಳಿಜಾರು ಓಟದ ಮೊದಲ ವಿಶ್ವ ಚಾಂಪಿಯನ್ ಆದ.

ಫೋರ್ಕಿನಾಚೆಗೂ ಒಂದೆರಡು ಮಾತು. ಸೈಕಲ್ಲಿನ ಕೈಪಿಡಿಯಲ್ಲಿ ಒಟ್ಟು ಭಾರದ ಮಿತಿ ಇರುತ್ತದೆ, ಹಲವು ಕಂಪನಿಗಳ ಮೌಂಟೇನ್ ಬೈಕಿಗೆ ಅದು 136 ಕಿಲೋ, ಅಂದರೆ 300 ಪೌಂಡು. ಕೆಲವರು ಸೈಕಲ್ಲಿನ ತೂಕವನ್ನೂ ಅದರೊಳಗೇ ಸೇರಿಸುತ್ತಾರೆ. ಹಾಗಾದರೆ ನಿಮ್ಮ 119, ಸೈಕಲ್ಲಿನ 14 ಕೂಡಿದರೆ 133, ಗೆರೆಯೊಳಗೆ ಇದ್ದೀರಿ, ಆದರೆ ಕ್ಯಾರಿಯರ್ ಕಟ್ಟಿ ಸಾಮಾನು ಹೇರಲು ಜಾಗವಿಲ್ಲ. ನಿಮ್ಮ ಸೈಕಲ್ಲಿನ ಕೈಪಿಡಿ ಏನು ಹೇಳುತ್ತದೆ ನೋಡಿಕೊಳ್ಳಿ. ಮುಂದಿನ ಬ್ರೇಕಿನ ಡಿಸ್ಕು 160 ಮಿ.ಮೀ. ಇದ್ದರೆ, ಫೋರ್ಕು ಒಪ್ಪುವುದಾದರೆ, 180ಕ್ಕೆ ಬದಲಿಸಿ. ಅನಂತಗಿರಿಯ ಇಳಿಜಾರಿನಲ್ಲಿ ನಿಮ್ಮನ್ನು ನಿಲ್ಲಿಸುವುದು ಫೋರ್ಕಲ್ಲ. ಹಿಂದಿನ ಚಕ್ರದ ಕಡ್ಡಿಗಳನ್ನು ಆಗಾಗ ಎರಡೆರಡಾಗಿ ಹಿಂಡಿ ನೋಡುತ್ತಿರಿ, ಸಡಿಲವಾದದ್ದು ಕೈಗೇ ಗೊತ್ತಾಗುತ್ತದೆ. ನಿಮ್ಮ ಸೈಕಲ್ಲಿಗೆ ಹಿಂದೆ ಸಸ್ಪೆನ್ಷನ್ ಇಲ್ಲದ ಕಾರಣ ಅಲ್ಲಿನ ಪೆಟ್ಟೆಲ್ಲ ಆ ಕಡ್ಡಿಗಳ ಮೇಲೆಯೇ. ಮಣಿಕಟ್ಟು ನೋವು ಫೋರ್ಕು ಸರಿಯಾಗಿ ಎರಡು ಮೂರು ವಾರ ಕಳೆದರೂ ಹೋಗದಿದ್ದರೆ, ಅಥವಾ ಬೆರಳುಗಳು ಜೋಮು ಹಿಡಿಯುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಅದಕ್ಕೆ ಪಂಪಿನಲ್ಲಿ ಔಷಧವಿಲ್ಲ.

ಆಫೀಸಿನವರ ಸೈಕಲ್ಲು ಕೊಳ್ಳಬೇಕೇ? ಬೆಲೆ ನಿಜಕ್ಕೂ ಕಮ್ಮಿಯಾದರೆ ನೋಡಬಹುದು, ಆದರೆ ಹಿಂದಿನ ಶಾಕಿನ ಲೆಕ್ಕ ಮಾಡಿಯೇ. ಹಿಂದಿನ ಚಕ್ರ ಎಷ್ಟು ಮಿ.ಮೀ. ಆಡುತ್ತದೆ ಎಂಬುದನ್ನು ಶಾಕು ಎಷ್ಟು ಮಿ.ಮೀ. ಒತ್ತಿಕೊಳ್ಳುತ್ತದೆ ಎಂಬುದರಿಂದ ಭಾಗಿಸಿ. ಚಕ್ರ 130, ಶಾಕು 50 ಆದರೆ 2.6. ಅಂದರೆ ಚಕ್ರದ ಮೇಲಿನ ಭಾರ ಶಾಕಿಗೆ ಎರಡೂವರೆ ಪಟ್ಟಿಗಿಂತ ಜಾಸ್ತಿಯಾಗಿ ತಲುಪುತ್ತದೆ. ಈ ಸಂಖ್ಯೆ ಚಿಕ್ಕದಿದ್ದಷ್ಟೂ ಭಾರದ ಸವಾರನಿಗೆ ಒಳ್ಳೆಯದು, 3ರ ಹತ್ತಿರ ಹೋದರೆ ನಾನಾದರೆ ಕೈಮುಗಿದು ಬಂದುಬಿಡುತ್ತೇನೆ. ಹಿಂದಿನ ಶಾಕಿಗೆ ಸವಾರನ ತೂಕ ಎಷ್ಟು ಪೌಂಡೋ ಅಷ್ಟು ಪಿಎಸ್‌ಐ ತುಂಬಿ ಶುರುಮಾಡುವುದು ವಾಡಿಕೆ. ನಿಮ್ಮ 119 ಕಿಲೋ ಅಂದರೆ 262 ಪೌಂಡು. ಹಲವು ಶಾಕುಗಳ ಗರಿಷ್ಠ 300, ಕೆಲವದರದು 350. ಶಾಕಿನ ಮೈಮೇಲೆಯೇ ಬರೆದಿರುತ್ತದೆ. 300ರದ್ದಾದರೆ ಉಳಿಯುವ ಅವಕಾಶ ಬಹಳ ಸಣ್ಣದು, 350 ಆದರೆ ನೆಮ್ಮದಿ. ಹಿಂದೆ ಸ್ಯಾಗ್ ಶೇ 25ರಿಂದ 30, ಅಂದರೆ 50 ಮಿ.ಮೀ. ಶಾಕಿಗೆ ಹನ್ನೆರಡೂವರೆಯಿಂದ ಹದಿನೈದು ಮಿ.ಮೀ., ಅದನ್ನು ಅಳೆಯುವಾಗ ಸೀಟಿನಲ್ಲಿ ಕೂತು ಅಳೆಯಿರಿ.

ಅವರ ಮನೆಗೆ ಹೋಗುವಾಗ ಶಾಕ್ ಪಂಪ್ ಜೊತೆಗಿರಲಿ. ನಿಮ್ಮ ತೂಕಕ್ಕೆ ತುಂಬಿ, ಸ್ಯಾಗ್ ಅಳೆದು, ಆ ಸಂಖ್ಯೆ ಬರೆದುಕೊಂಡು, ಸೈಕಲ್ಲನ್ನು ಒಂದು ರಾತ್ರಿ ಅಲ್ಲೇ ಬಿಟ್ಟುಬನ್ನಿ. ಮರುದಿನ ಮತ್ತೆ ಹತ್ತಿ ಅಳೆದಾಗ ಸ್ಯಾಗ್ ಒಂದೆರಡು ಮಿ.ಮೀ.ಗಿಂತ ಹೆಚ್ಚಿಗೆ ಬೆಳೆದಿದ್ದರೆ ಸೀಲು ಹೋಗಿದೆ, ಸರ್ವಿಸಿನ ಖರ್ಚನ್ನು ಬೆಲೆಯಲ್ಲಿ ಕಳೆದು ಮಾತಾಡಿ. ಅಮೆರಿಕದ ವಿಮಾನ ಹತ್ತುವ ಆತುರದಲ್ಲಿರುವವರು ಸಾಮಾನ್ಯವಾಗಿ ಒಪ್ಪುತ್ತಾರೆ.